ನಿಮಿಷಕ್ಕೆ ಹನ್ನೊಂದು ಸೀನು

“ಈ ವರ್ಷ ನಾನು ಸೀನೋದೇ ಇಲ್ಲ!” ಎಂದು ಟಿಕ್‌ಟಿಕ್ ಯಜಮಾನರು ಘೋಷಿಸಿದಾಗ ಅವರ ಒಂದು ಕೈ ಮೀಸೆಯ ಮೇಲಿತ್ತು, ಇನ್ನೊಂದು ಕೈ ಆಗಲೇ ಕರವಸ್ತ್ರ ಹುಡುಕುತ್ತಿತ್ತು.

ಮೂವತ್ತೆಂಟು ವರ್ಷ ಗಡಿಯಾರ ರಿಪೇರಿ ಮಾಡಿದ ಈ ಮಹಾನುಭಾವರಿಗೆ ಬೀದಿಯವರು ಇಟ್ಟ ಹೆಸರದು. ಬೀದಿಯ ಮರಗಳು ಹೂ ಬಿಟ್ಟವೆಂದರೆ ಇವರ ಮೂಗಿನಲ್ಲಿ ನಲ್ಲಿ ಬಿಟ್ಟಂತೆಯೇ. ಕಣ್ಣು ಕೆಂಪು, ಗಂಟಲಲ್ಲಿ ಕೆರೆತ, ಒಂದರ ಬೆನ್ನಿಗೊಂದು ಸೀನು! ಅದು ಹೂವಿನ ಪರಾಗದ ಅಲರ್ಜಿ ಎಂದು ಆಸ್ಪತ್ರೆಯ ನರ್ಸ್ ಆಗಿದ್ದ ಹೆಂಡತಿಗೆ ಮದುವೆಯಾದ ವರ್ಷವೇ ಗೊತ್ತಾಗಿತ್ತು. ಒಪ್ಪಬೇಕಾದವರು ಮಾತ್ರ ಒಪ್ಪಿರಲಿಲ್ಲ.

“ಹೂ ಬಿಡೋಕೆ ಎರಡು ವಾರ ಮುಂಚೆನೇ ಮೂಗಿಗೆ ಸ್ಪ್ರೇ ಶುರು ಮಾಡ್ಬೇಕು ರೀ. ಡಾಕ್ಟರು ಬರೆದುಕೊಟ್ಟಿದ್ದಾರೆ, ನಾನು ತಂದೂ ಇಟ್ಟಿದ್ದೀನಿ.”

“ಸೀನು ಅನ್ನೋದು ಮನಸ್ಸಿನ ದೌರ್ಬಲ್ಯ ಕಣೇ! ಮನಸ್ಸು ಗಟ್ಟಿಯಿದ್ರೆ ಮೂಗು ತೆಪ್ಪಗಿರುತ್ತೆ.”

“ಹಾಗಾದ್ರೆ ಸ್ಪ್ರೇನ ಮನಸ್ಸಿಗೇ ಹೊಡ್ಕೊಳ್ಳಿ!”

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಪೈಕಿ ನಮ್ಮ ಯಜಮಾನರು. ಸ್ಪ್ರೇ ಕಪಾಟಿನಲ್ಲೇ ಉಳಿಯಿತು.

ಆದರೆ ಮರಗಳು ಹೂ ಬಿಟ್ಟ ವಾರ, ಒಂದು ದಿನ ಪಣಕ್ಕೆ ಬಿದ್ದದ್ದು ಬರೀ ಮೂಗಲ್ಲ. ಅಂದು ಸಂಜೆ ಐದಕ್ಕೆ ನರ್ಸಮ್ಮನಿಗೆ ಆಸ್ಪತ್ರೆಯಲ್ಲಿ ನಿವೃತ್ತಿಯ ಬೀಳ್ಕೊಡುಗೆ. ಕೆಲಸಕ್ಕೆ ಸೇರಿದ ದಿನ ಅವರಪ್ಪ ಕಟ್ಟಿದ್ದ ಕೈಗಡಿಯಾರವೊಂದಿತ್ತು. ಸಾವಿರಾರು ಜನರ ನಾಡಿ ಎಣಿಸಿದ್ದ ಆ ಗಡಿಯಾರ ಏಳು ವರ್ಷದಿಂದ ನಿಂತೇಹೋಗಿತ್ತು. ಊರವರ ಗಡಿಯಾರವೆಲ್ಲ ಓಡುತ್ತಿದ್ದರೂ ಮನೆಯವಳ ಗಡಿಯಾರಕ್ಕೆ ಮಾತ್ರ ದಿನಾ “ನಾಳೆ” ಎಂಬ ಉತ್ತರ!

“ಇವತ್ತೊಂದು ದಿನ ಅದನ್ನ ಕಟ್ಕೊಂಡು ಹೋಗ್ಬೇಕು ಅಂತ ಆಸೆ ರೀ. ಅಪ್ಪ ಜೊತೆಗಿದ್ದ ಹಾಗಿರುತ್ತೆ” ಎಂದು ಬೆಳಿಗ್ಗೆ ನರ್ಸಮ್ಮ ಮೆಲ್ಲಗೆ ಹೇಳಿದಾಗ ಯಜಮಾನರಿಗೆ ನಿಜಕ್ಕೂ ನಾಚಿಕೆಯಾಯಿತು.

“ನಾಲ್ಕಕ್ಕೆ ನೀನು ಡ್ಯೂಟಿ ಮುಗಿಸಿ ಬರೋ ಹೊತ್ತಿಗೆ ಅದು ಓಡ್ತಿರುತ್ತೆ. ಇದು ನನ್ನ ಮಾತು!”

“ಸ್ಪ್ರೇ ಬೇಡ ಅಂದ್ರೆ ಇದಾದ್ರೂ ಇರ್ಲಿ” ಎಂದು ನರ್ಸಮ್ಮ ಅವರ ಮೂಗಿನ ಹೊಳ್ಳೆಗಳ ಸುತ್ತ ವ್ಯಾಸಲೀನ್ ಮೆತ್ತಿದರು. ಪೊದೆ ಮೀಸೆಗೂ ಅದರಲ್ಲಿ ಧಾರಾಳವಾಗಿ ಪಾಲು ಸಿಕ್ಕಿತು. “ಪರಾಗ ಇದಕ್ಕೆ ಅಂಟ್ಕೊಂಡು ಹೊರಗೇ ಉಳಿಯುತ್ತೆ. ಉಜ್ಜಿ ಒರೆಸ್ಬೇಡಿ. ಕಿಟಕಿ ತೆಗೀಬೇಡಿ.”

“ಮೂಗೇನು ಬಾಗಿಲಿನ ತಿರುಗಣೀನಾ, ಜಿಡ್ಡು ಹಚ್ಚೋಕೆ?” ಎಂದು ಗೊಣಗಿದರೂ ಯಜಮಾನರು ಒರೆಸಲಿಲ್ಲ. ಮಾತು ಕೊಟ್ಟ ದಿನ ಜಗಳ ಬೇಡವೆಂದು ಸುಮ್ಮನಾದರು.

ಮೂರು ಗಂಟೆಗೆ ಕೆಲಸ ಮುಗಿಯಿತು, ಒಂದೇ ಒಂದು ಸ್ಕ್ರೂ ಬಿಟ್ಟು. ಸಾಸಿವೆ ಕಾಳಿನ ಮುಂದೆ ಮೊಮ್ಮಗುವಿನಂತಿದ್ದ ಆ ಸ್ಕ್ರೂವನ್ನು ಚಿಮಟದಲ್ಲಿ ಹಿಡಿದು, ಕಣ್ಣಿಗೆ ಭೂತಗಾಜು ಸಿಕ್ಕಿಸಿ ಬಾಗಿದರು. ಬೆಳಕು ಸಾಲದು. ಅರೆಗಳಿಗೆ ಕಿಟಕಿ ತೆಗೆದರೆ ಆಕಾಶವೇನು ಬೀಳುತ್ತದೆಯೇ?

ಆಕಾಶ ಬೀಳಲಿಲ್ಲ. ತಿಳಿಹಳದಿ ಪುಡಿ ಹೊತ್ತ ಗಾಳಿ ಬಂತು. ಆ... ಆ... ಆಕ್ಷೀ! ಕಣ್ಣುಬಿಟ್ಟಾಗ ಚಿಮಟವಿತ್ತು, ಸ್ಕ್ರೂ ಇರಲಿಲ್ಲ.

ಮೇಜು ತಡಕಿದರು. ನೆಲದ ಮೇಲೆ ಅಯಸ್ಕಾಂತ ಎಳೆದರು. ಮೂರು ಗುಂಡುಸೂಜಿ ಸಿಕ್ಕವು. ಅಂಗಿ ಬಿಚ್ಚಿ ಕೊಡವಿದರು. ಕೊನೆಗೆ ಬ್ರಹ್ಮಾಸ್ತ್ರವೆಂದು ವ್ಯಾಕ್ಯೂಮ್ ಕ್ಲೀನರ್ ತಂದರು. ಅದರ ಬಾಯಿಗೆ ತೆಳು ಬಟ್ಟೆ ಕಟ್ಟಿ ಹೀರಿಸಿದರೆ ಸ್ಕ್ರೂ ಬಟ್ಟೆಯಲ್ಲೇ ಉಳಿಯುತ್ತದೆ, ಇದು ಕಸುಬಿನವರಿಗೆಲ್ಲ ಗೊತ್ತು. ಸೀನಿನ ಭರದಲ್ಲಿ ಬಟ್ಟೆ ಕಟ್ಟುವುದೇ ಮರೆತುಹೋಯಿತು! ಇಡೀ ಕೋಣೆ ಹೀರಿದ ಮೇಲೆ ನೆನಪಾಗಿ, ಚೀಲವನ್ನು ಪತ್ರಿಕೆಯ ಮೇಲೆ ಸುರಿದರು. ವರ್ಷದ ಧೂಳು, ಪರಾಗ ಎಲ್ಲ ಮೇಲೆದ್ದು ಮುಖಕ್ಕೇ ಬಂತು. ಆಮೇಲಿನ ಸೀನುಗಳಿಗೆ ಲೆಕ್ಕವಿಲ್ಲ.

ನಾಲ್ಕಕ್ಕೆ ನರ್ಸಮ್ಮ ಬಾಗಿಲು ತೆರೆದಾಗ, ಧೂಳಿನ ಮಧ್ಯೆ ಬೂದಿ ಬಳಿದ ಬೈರಾಗಿಯಂತೆ ಯಜಮಾನರು ಕುಳಿತಿದ್ದರು. ಕಣ್ಣಲ್ಲಿ ನೀರು. ಎಲ್ಲವೂ ಅಲರ್ಜಿಯ ನೀರಲ್ಲ.

“ಸ್ಕ್ರೂ ಹಾರಿಹೋಯ್ತು ಕಣೇ. ಆ ಕಂಪನಿ ಮುಚ್ಚಿ ಎಷ್ಟೋ ವರ್ಷ ಆಯ್ತು, ಬೇರೆ ಸಿಗೋದಿಲ್ಲ. ನಿನಗೆ ಕೊಟ್ಟ ಮಾತು ಉಳಿಸಿಕೊಳ್ಳೋಕೆ ಆಗ್ಲಿಲ್ಲ. ಕಿಟಕಿ ತೆಗೆದಿದ್ದು ನಾನೇ.”

ಮೂವತ್ತು ವರ್ಷದ ಸಂಸಾರದಲ್ಲಿ ಯಜಮಾನರು ತಪ್ಪೊಪ್ಪಿಕೊಂಡದ್ದು ಅದೇ ಮೊದಲು. ನರ್ಸಮ್ಮನಿಗೆ ಬೈಯಲು ಮನಸ್ಸು ಬರಲಿಲ್ಲ. ಕಿಟಕಿ ಮುಚ್ಚಿ, ಹತ್ತಿರ ಬಂದು, ರೋಗಿಯನ್ನು ನೋಡುವಂತೆ ಅವರ ಗದ್ದ ಹಿಡಿದೆತ್ತಿದರು. ತಟ್ಟನೆ ಕಣ್ಣು ಕಿರಿದಾಯಿತು.

“ಅಲ್ಲಾಡ್ಬೇಡಿ. ಚಿಮಟ ಕೊಡಿ.”

“ಯಾಕೆ?”

“ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲಾ ಹುಡುಕಿದ್ರಂತೆ!” ಎನ್ನುತ್ತಾ ನರ್ಸಮ್ಮ ಮೀಸೆಯ ವ್ಯಾಸಲೀನಿನಲ್ಲಿ ಮಿನುಗುತ್ತಿದ್ದ ಸ್ಕ್ರೂವನ್ನು ಎತ್ತಿ ಹಿಡಿದರು. “ಒರೆಸ್ಬೇಡಿ ಅಂದಿದ್ದು ಒಳ್ಳೇದೇ ಆಯ್ತು.”

ಯಜಮಾನರು ಹೇಳಿದಂತೆ ಕೇಳತೊಡಗಿದರು. ಮುಖ ತೊಳೆಯಿರಿ ಎಂದಾಗ ತೊಳೆದರು. ಕಪಾಟಿನ ಸ್ಪ್ರೇ ತಂದು ಮೂಗು ಕೊಡಿ ಎಂದಾಗ ಮೂಗೊಡ್ಡಿದರು. “ಇದು ಹೊಡೆದ ತಕ್ಷಣ ಸೀನು ನಿಲ್ಲಲ್ಲ ರೀ, ದಿನಾ ಬಿಡದೆ ಹೊಡ್ಕೋಬೇಕು” ಎಂದದ್ದಕ್ಕೂ ತಲೆಯಾಡಿಸಿದರು. ಆಮೇಲೆ ಅವರು ಸ್ಕ್ರೂ ಕೂರಿಸುವಷ್ಟೂ ಹೊತ್ತು ನರ್ಸಮ್ಮ ಪಕ್ಕದಲ್ಲಿ ನಿಂತು ಎರಡು ಬೆರಳಲ್ಲಿ ಅವರ ಮೂಗನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ಏಳು ವರ್ಷ ನಿಂತಿದ್ದ ಗಡಿಯಾರ ಓಡಿತು. ನರ್ಸಮ್ಮ ಅದನ್ನು ಕಿವಿಗಿಟ್ಟು ಕೇಳಿ, ಕೈಗೆ ಕಟ್ಟಿಕೊಂಡರು.

ಬೀಳ್ಕೊಡುಗೆಯಲ್ಲಿ ಎಲ್ಲರೂ ಗಡಿಯಾರವನ್ನು ಹೊಗಳುವವರೇ. ಯಜಮಾನರ ಕೈ ತಾನಾಗಿ ಮತ್ತೆ ಮೀಸೆಗೆ ಹೋಯಿತು.

“ನಿವೃತ್ತಿ ಎಲ್ಲಿಂದ ಬಂತು?” ಎಂದರು ನರ್ಸಮ್ಮ ಭಾಷಣದಲ್ಲಿ. “ಮನೇಲಿ ಒಬ್ಬ ರೋಗಿ ಇದ್ದಾರೆ. ಮೂವತ್ತು ವರ್ಷ ಆದ್ರೂ ಡಿಸ್ಚಾರ್ಜ್ ಆಗಿಲ್ಲ!”

ಸಭೆ ನಕ್ಕಿತು. ದೊಡ್ಡ ಹೂಗುಚ್ಛ ಬಂತು. ನರ್ಸಮ್ಮ ನಮಸ್ಕಾರ ಮಾಡಲೆಂದು ಅದನ್ನು ಒಂದು ಗಳಿಗೆ ಗಂಡನ ಕೈಗಿತ್ತರು. ಅಷ್ಟು ಸಾಕಾಯಿತು! ಸೀನಿನ ಮೇಲೆ ಸೀನು! ಮೂವತ್ತು ಜನ ನರ್ಸುಗಳು ಒಟ್ಟಿಗೆ ಎದ್ದು ನಿಂತು, “ಸ್ಪ್ರೇ ಶುರು ಮಾಡಿದ್ರಾ?” ಎಂದರು.

ನರ್ಸಮ್ಮ ಮಾತ್ರ ಗಾಬರಿಯಾಗಲಿಲ್ಲ. ಅಭ್ಯಾಸದಂತೆ ಕೈಗಡಿಯಾರದ ಸೆಕೆಂಡಿನ ಮುಳ್ಳನ್ನೇ ನೋಡುತ್ತಾ ನಿಂತಿದ್ದರು. ಸೀನು ನಿಂತಾಗ ತಲೆಯೆತ್ತಿದರು.

“ನಿಮಿಷಕ್ಕೆ ಹನ್ನೊಂದು. ಗಡಿಯಾರ ಚೆನ್ನಾಗೇ ಓಡ್ತಿದೆ ರೀ. ಇನ್ನು ಮೂಗೊಂದೇ ರಿಪೇರಿ ಬಾಕಿ!”