ಕಾಲರಿಲ್ಲದ ಕ್ಯಾಮೆರಾ

ಆ ಭಾನುವಾರ ಲೆಕ್ಕದ ಮೇಷ್ಟ್ರು ಖಾಲಿ ಬಿಸ್ಕತ್ತಿನ ಡಬ್ಬಿಯೊಂದನ್ನು ತಲೆಯ ಮೇಲೆತ್ತಿ ಹಿಡಿದು, ಯುದ್ಧ ಸಾರುವ ದನಿಯಲ್ಲಿ ಘೋಷಿಸಿದರು: "ಯಾವ ಕ್ಯಾಮೆರಾಕ್ಕೂ ಸಿಗದ ನಿಮ್ಮಪ್ಪನ್ನ ನಾನು ಈ ಡಬ್ಬೀಲಿ ಹಿಡೀತೀನಿ!"

"ಅಪ್ಪ ಅದ್ರಲ್ಲಿ ಹಿಡಿಸಲ್ಲ ಬಿಡಿ," ಎಂದಳು ಹೆಂಡತಿ.

ವಿಷಯ ಸಣ್ಣದಲ್ಲ. ಮಾವ ನಲವತ್ತು ವರ್ಷ ಬಟ್ಟೆ ಹೊಲಿದ ದರ್ಜಿ. ಎದುರಿಗಿದ್ದವರ ಕಾಲರ್ ಒಂದೆಳೆ ಸೊಟ್ಟಗಿದ್ದರೂ ಅವರ ಕೈ ಸುಮ್ಮನಿರುವುದಿಲ್ಲ. ಫೋಟೋ ತೆಗೆಯುವವರು ಕೈಯೆತ್ತಿದಾಗ ಕಾಲರ್ ಸೊಟ್ಟಗಾಗದೆ ಇರುತ್ತದೆಯೇ? ಮಾವ ತಟ್ಟನೆ ಎದ್ದು ಹೋಗಿ ಸರಿಮಾಡುತ್ತಿದ್ದರು! ಹೀಗಾಗಿ ಮನೆಯ ಆಲ್ಬಮ್ಮಿನಲ್ಲಿ ಅವರ ಬೆನ್ನಿದೆ, ಮೊಣಕೈ ಇದೆ, ಒಂದು ಕಡೆ ಅಳತೆ ಟೇಪು ಮಾತ್ರ ನೇತಾಡುತ್ತಿದೆ. ಮದುವೆಯ ಫೋಟೋದಲ್ಲೂ ಅತ್ತೆಯ ಪಕ್ಕದ ಕುರ್ಚಿ ಖಾಲಿ. ನಲವತ್ತಾರು ವರ್ಷ ಸಂಸಾರ ಮಾಡಿದ ಅತ್ತೆಗೆ, ಗಂಡನ ಪಕ್ಕ ಕೂತ ಒಂದೇ ಒಂದು ಫೋಟೋ ಬೇಕೆಂಬ ಆಸೆ. ಮೊನ್ನೆ ಅಳಿಯನ ಮುಂದೆ ಅದನ್ನು ಹೇಳಿಕೊಂಡಿದ್ದರು. ಮೇಷ್ಟ್ರ ಕರುಳು ಚುರುಕ್ ಎಂದಿತ್ತು.

"ಡಬ್ಬೀಗೆ ಒಂದು ಸಣ್ಣ ತೂತು, ಒಳಗೆ ಫೋಟೋ ಕಾಗದ. ಬೆಳಕೇ ಬಂದು ಚಿತ್ರ ಬರೆಯುತ್ತೆ! ಸ್ಟೂಲಿನ ಮೇಲೆ ಇಟ್ರೆ ಮುಗೀತು. ಯಾರೂ ಕೈ ಎತ್ತಬೇಕಾಗಿಲ್ಲ. ಡಬ್ಬೀಗೆ ಕಾಲರ್ ಇದೆಯಾ? ಇಲ್ಲ! ಮಾವ ಯಾಕೆ ಏಳ್ತಾರೆ?"

ಶಾಲೆಯ ಕಪ್ಪು ಹಲಗೆಗೆ ಬಳಿದು ಉಳಿದಿದ್ದ ಬಣ್ಣವನ್ನು ಡಬ್ಬಿಯ ಒಳಗೆಲ್ಲ ಬಳಿದರು. ಡಬ್ಬಿಗಿಂತ ಹೆಚ್ಚಾಗಿ ಅಂಗಿಗೇ ಬಳಿದುಕೊಂಡರು. ಮೊಳೆ ಹೊಡೆದು ತೂತು ಮಾಡಿದರು. ಮನೆಯ ಮುಂಭಾಗದ ಫೋಟೋ ತೆಗೆದು, ಬಚ್ಚಲುಮನೆಗೆ ಕೆಂಪು ಬಲ್ಬು ಹಾಕಿ, ಕಾಗದವನ್ನು ದ್ರಾವಣದಲ್ಲಿ ಅದ್ದಿದರೆ ಬಂದದ್ದು ಕಾಡಿಗೆಗಪ್ಪು. ಬೆಳಕು ಬಿದ್ದಲ್ಲೆಲ್ಲ ಕಪ್ಪಾಗುವ ಕಾಗದ, ತೂತೋ ತೀರ ದೊಡ್ಡದು.

"ಇದು ನಮ್ಮನೇನಾ?" ಎಂದಳು ಹೆಂಡತಿ.

"ಹೌದು. ಕರೆಂಟ್ ಹೋದಾಗ."

ಎರಡನೆಯ ಸಲ ತೂತಿನ ಮೇಲೆ ಅಂಟಿಸಿದ್ದ ಪಟ್ಟಿಯನ್ನು ತೆಗೆಯುವುದೇ ಮರೆತುಹೋಯಿತು. ಕಾಗದ ಹಾಲಿನಂತೆ ಬೆಳ್ಳಗಿತ್ತು.

"ಕರೆಂಟ್ ಬಂತು!" ಎಂದಳು ಅವಳು.

ಅವಳು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಕತ್ತಲೆ ಕೋಣೆಯ ಕೆಲಸ ಅವಳಿಗೆ ನೀರು ಕುಡಿದಷ್ಟು ಸುಲಭ. ಕೊನೆಗೆ ಕನಿಕರ ಹುಟ್ಟಿ, ತೆಳು ತಗಡಿನ ಚೂರಿಗೆ ಅಪ್ಪನ ಅತಿ ಸಣ್ಣ ಸೂಜಿಯಿಂದ ತಾನೇ ತೂತು ಮಾಡಿ, ಮೊಳೆಯ ತೂತಿನ ಮೇಲೆ ಅಂಟಿಸಿಕೊಟ್ಟಳು. ಮೂರನೆಯ ಸಲ ಬಾಗಿಲು, ಕಿಟಕಿ, ಹಗ್ಗದ ಮೇಲಿನ ಟವೆಲ್ ಎಲ್ಲ ಮೂಡಿದವು! ಮೇಷ್ಟ್ರು ಬಚ್ಚಲಲ್ಲೇ ಕುಣಿದರು.

"ಎಷ್ಟು ಹೊತ್ತು ತೆರೆದಿಟ್ಟಿದ್ರಿ?"

"ನಾಲ್ಕು ನಿಮಿಷ."

"ಅಂದ್ರೆ ಅಪ್ಪ ನಾಲ್ಕು ನಿಮಿಷ ಅಲ್ಲಾಡದೆ ಕೂರಬೇಕು."

ಕುಣಿತ ಅರ್ಧಕ್ಕೇ ನಿಂತಿತು. ಇಡೀ ಲೆಕ್ಕದಲ್ಲಿ ಆ ಒಂದು ಹೆಜ್ಜೆ ಬಿಟ್ಟುಹೋಗಿತ್ತು!

ಆದರೆ ಅತ್ತೆ ಆಗಲೇ ಹೊಸ ಸೀರೆ ಉಟ್ಟು ಪಕ್ಕದ ಬೀದಿಯ ತಮ್ಮ ಮನೆಯಿಂದ ಬಂದು ಹಿತ್ತಿಲ ಬೆಂಚಿನ ಮೇಲೆ ಕೂತಿದ್ದರು. ಈಗ ಆಗಲ್ಲ ಎನ್ನುವ ಬಾಯಿ ಯಾರಿಗಿದೆ? ಮಾವನನ್ನೂ ಎಳೆತಂದು ಪಕ್ಕದಲ್ಲಿ ಕೂರಿಸಿದ್ದಾಯಿತು. ಉಳಿದಿದ್ದದ್ದು ಎರಡೇ ಕಾಗದ: ಒಂದು ಫೋಟೋಗೆ, ಇನ್ನೊಂದು ಅದರ ಕಪ್ಪು-ಬಿಳುಪನ್ನು ಸರಿಮಾಡಿ ಅಚ್ಚು ತೆಗೆಯಲು.

ಮೇಷ್ಟ್ರು ಪಟ್ಟಿ ಕಿತ್ತು, ಸ್ಟೂಲಿನ ಪಕ್ಕ ನಿಂತು ಗಟ್ಟಿಯಾಗಿ ಎಣಿಸತೊಡಗಿದರು. ಗಡಿಯಾರವನ್ನು ನಂಬುವ ಜಾಯಮಾನ ಅವರದಲ್ಲ.

"ಒಂದು... ಎರಡು... ಮೂರು..."

ಮಾವನ ಕಣ್ಣು ಅಳಿಯನ ಕೊರಳಿಗೆ ಬಿತ್ತು. ಕೈ ಮೇಲೆದ್ದಿತು.

"ಏಳು, ಮಾವ ಕೈ, ಎಂಟು, ಕೆಳಗೆ, ಒಂಬತ್ತು..."

ಕೈ ಇಳಿಯಿತು. ಹದಿನೈದಕ್ಕೆ ಮಾವ ಆಕಳಿಸಿದರು. ಇಪ್ಪತ್ತೆರಡಕ್ಕೆ ರೆಪ್ಪೆ ಭಾರವಾಯಿತು. ಮೂವತ್ತಕ್ಕೆ ತಲೆ ಮೆಲ್ಲಗೆ ವಾಲಿ, ಅತ್ತೆಯ ಹೆಗಲ ಮೇಲೆ ಕೂತಿತು. ಅತ್ತೆ ಉಸಿರು ಬಿಗಿಹಿಡಿದರು. ಇಷ್ಟು ವರ್ಷದಲ್ಲಿ ಆ ತಲೆ ಅಲ್ಲಿಗೆ ಬಂದದ್ದು ಅದೇ ಮೊದಲು.

"ನಿಲ್ಲಿಸಬೇಡಿ!" ಎಂದು ಹೆಂಡತಿ ಪಿಸುಗುಟ್ಟಿದಳು.

ನಿಲ್ಲಿಸುವುದುಂಟೇ! ಗಂಟಲು ಒಣಗಿದರೂ, ನೊಣ ಮೂಗಿನ ಮೇಲೆ ಕೂತರೂ ಮೇಷ್ಟ್ರು ಎಣಿಸಿದರು. ವಿಜ್ಞಾನದ ಮುಂದೆ ದರ್ಜಿ ಸೋತ ಎಂದು ಒಳಗೊಳಗೇ ಉಬ್ಬಿದರು. ಇನ್ನೂರ ನಲವತ್ತಕ್ಕೆ ಪಟ್ಟಿ ಅಂಟಿಸಿ ಬಾಯಿ ಮುಚ್ಚಿದರು. ಆ ಕ್ಷಣವೇ ಮಾವ ಎಚ್ಚೆತ್ತು ಎದ್ದು ಬಂದು ಅವರ ಕಾಲರ್ ಸರಿಮಾಡಿದರು.

ಕಾಗದದಲ್ಲಿ ಮೂಡಿದ ಕಪ್ಪು-ಬಿಳುಪು ಅದಲುಬದಲಾಗಿತ್ತು. ಅದನ್ನು ಕೊನೆಯ ಕಾಗದದ ಮೇಲಿಟ್ಟು ಬೆಳಕು ಕೊಟ್ಟು ತೊಳೆದಾಗ, ಅತ್ತೆಯ ಹೆಗಲ ಮೇಲೆ ಮಾವನ ಮುಖ ಇಡಿಯಾಗಿ, ಮೀಸೆಯ ಸಮೇತ ಬಂದಿತ್ತು! ಅತ್ತೆ ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡರು. ಮೇಷ್ಟ್ರಿಗೆ ಭೂಮಿಯ ಮೇಲೆ ಕಾಲು ನಿಲ್ಲಲಿಲ್ಲ.

"ಅಳಿಯಂದ್ರೇ, ಇವರು ಹಗಲು ಹೊತ್ತು ನಾಲ್ಕು ನಿಮಿಷ ಒಂದೇ ಕಡೆ ಇದ್ದಿದ್ದನ್ನ ನಾನು ಕಂಡಿರಲಿಲ್ಲ. ನಾಳೆಯಿಂದ ದಿನಾ ಸ್ಕೂಲು ಬಿಟ್ಟ ಮೇಲೆ ಬಂದು ಹೋಗ್ತೀರಾ?"

"ಧಾರಾಳವಾಗಿ ಅತ್ತೆ! ಇನ್ನೂ ದೊಡ್ಡ ಡಬ್ಬಿ ಮಾಡ್ತೀನಿ! ಎಷ್ಟು ಫೋಟೋ ಬೇಕು?"

"ಫೋಟೋ ಒಂದೇ ಸಾಕಪ್ಪಾ," ಎಂದರು ಅತ್ತೆ. "ಡಬ್ಬಿ ಮನೇಲೇ ಬಿಟ್ಟು ಬನ್ನಿ. ನೀವು ಸುಮ್ನೆ ಇವರ ಪಕ್ಕ ಕೂತು ಎಣಿಸಿ."