ಕಾಕಾನ ಜೋಡಿ ಸರ್ವರುಗಳು

ನಮ್ಮ ಕಾಕಾನ ಲೆಕ್ಕದಲ್ಲಿ ನಾನು ಈಗಾಗಲೇ ಎರಡು ಸಲ ಸತ್ತಿದ್ದೇನೆ. ಮೊದಲನೇ ಸಲ ಗೋವಾದ ಸಾಂಖಳಿಯ ಮಾರ್ಕೆಟ್ಟಿನಲ್ಲಿ ಬದನೆಕಾಯಿ ಆರಿಸುತ್ತಿದ್ದೆ, ಎರಡನೇ ಸಲ ತಲೆಗೆ ನೀರು ಹಾಕಿಕೊಳ್ಳುತ್ತಿದ್ದೆ. ಸಾಯುವಂಥದ್ದು ಎರಡೂ ಸಲ ಏನೂ ಆಗಿರಲಿಲ್ಲ. ಫೋನು ಎತ್ತಿರಲಿಲ್ಲ, ಅಷ್ಟೇ!

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಮದುವೆಯಾಗಲಿಲ್ಲ, ಉಸಗಾಂವದಲ್ಲಿ ಒಂದು ಕೋಣೆ ಹಿಡಿದು ಒಬ್ಬನೇ ಇದ್ದಾನೆ. ಕೊರ್ಲಿಮ್‌ನ ಕಾರ್ಖಾನೆಯೊಂದಕ್ಕೆ ಕೇಬಲ್ ಎಳೆಯುವ ದಿನಗೂಲಿಯವನಾಗಿ ಹೋದವನು, ಎಳೆದ ಕೇಬಲ್ಲಿನ ಬೆನ್ನು ಹಿಡಿದು ಸರ್ವರ್ ಕೋಣೆ ಹೊಕ್ಕು, ಈಗ ಅದರ ಉಸ್ತುವಾರಿ ನೋಡುತ್ತಾನೆ. ಅಲ್ಲಿ ಒಂದು ಸರ್ವರ್ ಕೈಕೊಟ್ಟರೂ ಕೆಲಸ ನಿಲ್ಲಬಾರದೆಂದು ಇನ್ನೊಂದು ಸದಾ ತಯಾರಿರುತ್ತದೆ. ಮೊದಲನೆಯದರಲ್ಲಿ ಬರೆದದ್ದೆಲ್ಲ ಕೂಡಲೇ ಎರಡನೆಯದರಲ್ಲಿ ನಕಲಾಗುತ್ತದೆ. ಎರಡೂ ಆಗಾಗ ಒಂದನ್ನೊಂದು "ಇದ್ದೀಯಾ?" ಎಂದು ಕೇಳುತ್ತಿರುತ್ತವೆ. ಮೂರು ಸಲ ಉತ್ತರ ಬರದಿದ್ದರೆ ಮೊದಲನೆಯದು ಸತ್ತಿತೆಂದು ತಿಳಿದು ಎರಡನೆಯದು ಯಜಮಾನಿಕೆ ವಹಿಸಿಕೊಳ್ಳುತ್ತದೆ. ಇದು ಯಂತ್ರಗಳ ಪದ್ಧತಿ. ಕಾಕಾ ಇದನ್ನು ನಮ್ಮ ಮನೆತನದ ಪದ್ಧತಿ ಮಾಡಿದ.

ಅವನ ಹತ್ತಿರ ಎಲ್ಲವೂ ಎರಡು. ಎರಡು ಕೊಡೆ, ಎರಡು ಒಲೆ, ಎರಡು ಫೋನು, ಎರಡು ಚಹಾದ ಲೋಟ. ಒಮ್ಮೆ ನಾನು ಹೋದಾಗ ಎರಡನೇ ಲೋಟಕ್ಕೆ ಕೈ ಹಾಕಿದೆ. "ಅದು ಸ್ಟ್ಯಾಂಡ್‌ಬೈ ಐತಿವಾ" ಎಂದು ಕಸಿದುಕೊಂಡ. ನಾನು ಚಹಾ ಕುಡಿದು ಮುಗಿಸುವ ತನಕ ತಾನು ಕಾಯ್ದು, ಅದೇ ಲೋಟ ತೊಳೆದು ತಾನು ಕುಡಿದ.

ದಿನಾ ಬೆಳಿಗ್ಗೆ ಏಳಕ್ಕೆ ಅವನ ಫೋನು.

"ಅದೀಯೇನು?"

"ಅದೀನಿ ಕಾಕಾ."

ಮುಗಿಯಿತು. ಜ್ವರವೇ, ಅಡುಗೆ ಏನು, ಮಗಳು ಹೇಗಿದ್ದಾಳೆ, ಯಾವುದೂ ಇಲ್ಲ. ಎತ್ತದಿದ್ದರೆ ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ, ಇನ್ನೂ ಹತ್ತು ನಿಮಿಷ ಬಿಟ್ಟು ಕೊನೆಯ ಸಲ. ಬದನೆಕಾಯಿಯ ದಿನ ಅವನು ಮೋಟಾರ್ ಸೈಕಲ್ ಓಡಿಸಿಕೊಂಡು ಬಂದು, ಮಾರ್ಕೆಟ್ಟಿನಲ್ಲಿ ನನ್ನನ್ನು ಹುಡುಕಿ, ಹೆಲ್ಮೆಟ್ ತೆಗೆದು ಎದುರಿಗೆ ನಿಂತ.

"ಕಾಕಾ, ನಾ ಬದುಕೇನಿ ನೋಡು" ಎಂದೆ.

"ಅದು ಈಗ ಗೊತ್ತಾತು. ನಿಯಮದ ಪ್ರಕಾರ ನೀ ಏಳೂ ಇಪ್ಪತ್ತಕ್ಕ ಹೋಗಿದ್ದಿ."

ಆಮೇಲೊಂದು ದಿನ ಹಳೆಯ ಕಂಪ್ಯೂಟರ್ ಒಂದನ್ನು ಹೊತ್ತು ತಂದು ನನ್ನ ಹೊಲಿಗೆ ಯಂತ್ರದ ಪಕ್ಕದಲ್ಲಿ ಇಟ್ಟ. ಅದರ ಜೋಡಿ ಅವನ ಕೋಣೆಯಲ್ಲಿತ್ತು. ಒಳಗೆ ಇದ್ದದ್ದು ದುಡಿಯಲು ಗೋವಾಕ್ಕೆ ಬಂದ ನಮ್ಮ ಕಡೆಯವರ ಹೆಸರುಗಳು. ಹೆಸರು, ಊರು, ಫೋನು ನಂಬರು, ಇರುವ ಓಣಿ, ಏನಾದರೂ ಆದರೆ ಯಾರಿಗೆ ತಿಳಿಸಬೇಕು, ಅವರು ಸಿಗದಿದ್ದರೆ ಮತ್ಯಾರಿಗೆ. ಈ ಎರಡನೇ ಹೆಸರು ಕೊಡದೆ ಯಾರೂ ಕಾಕಾನಿಂದ ತಪ್ಪಿಸಿಕೊಳ್ಳುವಂತಿರಲಿಲ್ಲ. ರವಿವಾರವೆಲ್ಲ ಅವನಿಗೆ ಇದೇ ಕೆಲಸ.

ನನ್ನ ಗಂಡನಿಗೆ ಇದು ಅರ್ಥವಾಗಲಿಲ್ಲ. "ಎರಡೂ ಕಡೆ ಅವೇ ಹೆಸರು ಇದ್ರ ಎರಡನೇದು ಯಾಕ್ರಿ?" ಎಂದು ಕೇಳಿದ.

"ನಿಮಗ ಎರಡು ಕಿಡ್ನಿ ಯಾಕ ಅದಾವ್ರಿ?" ಎಂದ ಕಾಕಾ. ಅಂದಿನಿಂದ ನನ್ನ ಗಂಡ ಆ ಕಂಪ್ಯೂಟರಿನ ಮೇಲೆ ಅಂಗಿ ಒಣಹಾಕುವುದನ್ನು ಬಿಟ್ಟ.

ಮೊದಲ ಮಳೆಗಾಲದಲ್ಲೇ ಎಡವಟ್ಟಾಯಿತು. ಎರಡರ ನಡುವಿನ ಸಂಪರ್ಕ ಕಡಿದು, ಅದು ಸತ್ತಿದೆಯೆಂದು ಇದು, ಇದು ಸತ್ತಿದೆಯೆಂದು ಅದು ತಿಳಿದು, ಎರಡೂ ತಾನೇ ಯಜಮಾನ ಎಂದು ಕೂತವು. ನಾನೂ ನನ್ನ ಅತ್ತೆಯೂ ಒಂದೇ ಮನೆಯಲ್ಲಿ ಹಾಗೆಯೇ ಇರುವುದರಿಂದ ನನಗೆ ವಿಶೇಷ ಅನ್ನಿಸಲಿಲ್ಲ. ಕಾಕಾನ ಮುಖ ಮಾತ್ರ ಬಿಳಿಚಿತು. ಇಲ್ಲಿ ಬರೆದದ್ದು ಅಲ್ಲಿಲ್ಲ, ಅಲ್ಲಿ ತಿದ್ದಿದ್ದು ಇಲ್ಲಿಲ್ಲ! ಎಂಟು ದಿನ ಮಳೆಯಲ್ಲಿ ಮನೆಮನೆ ತಿರುಗಿ, ಒಬ್ಬೊಬ್ಬರನ್ನೂ ಮತ್ತೆ ಕೇಳಿ ಸರಿಮಾಡಿದ. ಇಬ್ಬರಿದ್ದರೆ ಜಗಳ ಹರಿಯುವುದಿಲ್ಲವೆಂದು ಮೂರನೆಯದೊಂದು ಪುಟ್ಟ ಯಂತ್ರವನ್ನು ಕೊರ್ಲಿಮ್‌ನ ಚಹಾದಂಗಡಿಯಲ್ಲಿ ಸಾಕ್ಷಿಗೆ ಇಟ್ಟ.

"ಇದು ಏನ ಮಾಡತೈತ್ರಿ?" ಅಂಗಡಿಯವ ಕೇಳಿದ.

"ಏನೂ ಇಲ್ರಿ. ಯಾರು ಬದುಕ್ಯಾರ ಅಂತ ಕೇಳಿದ್ರ ಖರೇ ಹೇಳತೈತಿ."

ಇದನ್ನೆಲ್ಲ ನಾನು ಊರವರ ಮುಂದೆ ಹೇಳಿ ನಗಿಸುತ್ತಿದ್ದೆ. ಕಾರಣ ಮಾತ್ರ ಹೇಳುತ್ತಿರಲಿಲ್ಲ. ನನ್ನ ಅಜ್ಜ, ಎಂದರೆ ಕಾಕಾನ ಅಪ್ಪ, ಇಲ್ಲಿಯ ಬಂದರಿನಲ್ಲಿ ಹಮಾಲಿ ಮಾಡುತ್ತಿದ್ದ. ಒಂದು ದಿನ ಹಡಗಿನ ಏಣಿಯಿಂದ ಬಿದ್ದು ಅಲ್ಲೇ ಹೋದ. ಅವನ ಊರು ಬರೆದಿದ್ದ, ಹಮಾಲರ ಮೇಸ್ತ್ರಿ ಮುಕಾದಮನ ವಹಿ ಪುಸ್ತಕ ಮಳೆಯಲ್ಲಿ ನೆಂದು ಅಕ್ಷರ ಅಳಿಸಿಹೋಗಿದ್ದವು. ಮನೆಗೆ ಸುದ್ದಿ ಮುಟ್ಟಿದ್ದು ಹನ್ನೊಂದನೇ ದಿನ. ಅಷ್ಟರಲ್ಲಿ ಯಾರೋ ಮಣ್ಣು ಮಾಡಿದ್ದರು. ಎಲ್ಲಿ ಎಂದು ಇವತ್ತಿಗೂ ಗೊತ್ತಿಲ್ಲ. ಆ ಮಾತು ಬಂದಾಗಲೆಲ್ಲ ಕಾಕಾ ಹೇಳುವುದು ಇಷ್ಟೇ: "ಒಂದ ವಹಿ ಇತ್ತವಾ."

ಈ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಏಳಾದರೂ ಫೋನು ಬರಲಿಲ್ಲ.

ನಾನೇ ಮಾಡಿದೆ. ಎರಡು ಫೋನೂ ಬಂದ್. ಏಳೂ ಹತ್ತಕ್ಕೆ ಮಾಡಿದೆ, ಏಳೂ ಇಪ್ಪತ್ತಕ್ಕೆ ಮಾಡಿದೆ. ಹೊಲಿಗೆ ಯಂತ್ರದ ಪಕ್ಕದ ಪರದೆಯಲ್ಲಿ ಉಸಗಾಂವದ ಯಂತ್ರ ಉತ್ತರ ಕೊಡುತ್ತಿಲ್ಲ, ಈಗ ಇದೇ ಯಜಮಾನ ಎಂದು ಬಂದಿತ್ತು. ಅವನು ಕಲಿಸಿದಂತೆ ಪಟ್ಟಿ ತೆರೆದು ಅವನ ಓಣಿಯಲ್ಲಿ ಯಾರಿದ್ದಾರೆಂದು ಹುಡುಕಿದೆ. ಬಸಪ್ಪ, ಮನೆ ಕಟ್ಟುವ ಗೌಂಡಿ ಕೆಲಸ, ಮುದ್ದೇಬಿಹಾಳದ ಕಡೆಯವನು. ತಿಳಿಸಬೇಕಾದವರು: ಅಕ್ಕ. ಎರಡನೆಯವರು: ನಮ್ಮ ಕಾಕಾ.

ಬಸಪ್ಪನಿಗೆ ಫೋನು ಮಾಡಿ, ಹೋಗಿ ನೋಡಲು ಹೇಳಿದೆ. ಕಾಯುತ್ತ ಪಟ್ಟಿ ಸರಿಸಿದೆ. ಎರಡನೇ ಹೆಸರಿಗೆ ಯಾರೂ ಇಲ್ಲದವರು ಎಷ್ಟೋ ಜನ. ಅವರೆಲ್ಲರ ಮುಂದೆಯೂ ಕಾಕಾ ತನ್ನ ಹೆಸರನ್ನೇ ಬರೆದುಕೊಂಡಿದ್ದ. ಅವನ ಹೆಸರೂ ಸಿಕ್ಕಿತು. ತಿಳಿಸಬೇಕಾದವರು: ನಾನು. ಎರಡನೇ ಖಾನೆ ಖಾಲಿ. ಇಷ್ಟು ದಿನ ಇವನನ್ನು ಆಡಿಕೊಂಡು ನಕ್ಕೆನಲ್ಲ ಎಂದು ನನಗೆ ನಾಚಿಕೆಯಾಯಿತು, ಅಳುವೂ ಬಂತು.

ಆದದ್ದೇನೆಂದರೆ, ಹಿಂದಿನ ರಾತ್ರಿ ಸಿಡಿಲು ಬಡಿದಾಗ ಅವನ ಎರಡೂ ಫೋನು, ಜೊತೆಗೆ ಕಂಪ್ಯೂಟರೂ, ಒಂದೇ ಸ್ವಿಚ್ ಬೋರ್ಡಿಗೆ ಚುಚ್ಚಿದ್ದರಿಂದ ಸುಟ್ಟುಹೋದವು. ಎಲ್ಲ ಎರಡೆರಡು ಇಟ್ಟವನು ಬೋರ್ಡು ಒಂದೇ ಇಟ್ಟಿದ್ದ! ಕತ್ತಲಲ್ಲಿ ಅದನ್ನು ನೋಡಲು ಹೋಗಿ ಒದ್ದೆ ನೆಲದ ಮೇಲೆ ಜಾರಿ, ಸೊಂಟ ಮುರಿದು, ಕೂಗಿದರೂ ಮಳೆಯಲ್ಲಿ ಯಾರಿಗೂ ಕೇಳದೆ ಬಿದ್ದಿದ್ದ. ಬಾಗಿಲು ಮುರಿದು ಎತ್ತಿಕೊಂಡು ಹೋದವನು ಬಸಪ್ಪ. ನಾನು ಫೋಂಡಾದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಕಾಕಾನ ಮಂಚದ ಸುತ್ತ ಸಿಮೆಂಟು ಮೆತ್ತಿದ ಅಂಗಿಯ ನಾಲ್ವರು ಗೌಂಡಿಗಳು ನಿಂತಿದ್ದರು.

"ನಿಮ್ಮ ಮನೀ ಕಂಪ್ಯೂಟರ ಎದ್ದಿತ್ತೇನು?" ಕಾಕಾ ಕೇಳಿದ್ದು ಮೊದಲು ಇದನ್ನೇ.

"ಎದ್ದಿತ್ತು ಕಾಕಾ."

ತಿಂಗಳ ಮೇಲೆ ಆಸ್ಪತ್ರೆಯಿಂದ ತನ್ನ ಕೋಣೆಗೆ ಬಂದ. ಹೊಸ ಯಂತ್ರ ಕೂಡಿಸಿ, ನನ್ನಲ್ಲಿದ್ದ ಪಟ್ಟಿಯನ್ನು ಅದಕ್ಕೆ ನಕಲು ಮಾಡಿಕೊಂಡ. ಮರುದಿನ ಏಳಕ್ಕೆ ಫೋನು ಬಂತು.

"ಅದೀಯೇನು?"

"ಅದೀನಿ ಕಾಕಾ."

ಫೋನು ಕಟ್ಟಾಗಲಿಲ್ಲ.

"ನನ್ನ ಖಾನೇದಾಗ ಎರಡನೇ ಹೆಸರು ಬಸಪ್ಪಂದು ಬಂದೈತಿ" ಎಂದ. "ನೀ ಬರದಿಯೇನು?"

"ನಾ ಬರದೆ. ಅವನಾಗೇ ಬಂದು ನನ್ನ ಹೆಸರು ಬರಿ ಅಂದ, ಕಾಕಾ."

ಅತ್ತ ಅವನು ಕೀಲಿ ಒತ್ತಿ ನೋಡುವ ಸದ್ದು ಕೇಳಿತು.

"ಇರ್ಲಿ ಬಿಡು" ಎಂದ ಕೊನೆಗೆ. "ಎರಡೂ ಕಡೆ ಬಂದೈತಿ."