ಕಪ್ಪು ಚೀಲವೂ ಉಜ್ಜಿನಿಯ ಎಣ್ಣೆಯೂ

ಕಚೇರಿಯಿಂದ ಸುತ್ತೋಲೆ ಬಂತೆಂದರೆ, ನಮ್ಮ ಶಾಲೆಯಲ್ಲಿ ನಗುವಂಥದ್ದು ಏನಾದರೊಂದು ಆಗದೆ ಬಿಡುತ್ತಿರಲಿಲ್ಲ. ಆಗುವಾಗ ಮಾತ್ರ ನನಗೆ ನಗು ಬರುತ್ತಿರಲಿಲ್ಲ. ಬರುತ್ತಿದ್ದುದು ಹೊಟ್ಟೆಕಿಚ್ಚು. ದೇವರ ಮುಂದೆ ಅದನ್ನು ಎಷ್ಟೋ ಸಲ ಒಪ್ಪಿಕೊಂಡಿದ್ದೇನೆ, ಈಗ ನಿಮ್ಮ ಮುಂದೆ ಒಪ್ಪಿಕೊಳ್ಳಲು ಸಂಕೋಚವೇನು?

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನನ್ನ ಮನೆ ಕೊಟ್ಟೂರಿನಲ್ಲಿ. ಅಲ್ಲಿಂದ ಬಸ್ಸಿನಲ್ಲಿ ಅರ್ಧ ತಾಸು ಹೋದರೆ ಒಂದು ಹಳ್ಳಿ, ಅಲ್ಲಿ ಏಳನೇ ತರಗತಿಯವರೆಗಿನ ನಮ್ಮ ಶಾಲೆ. ಕನ್ನಡ ಮತ್ತು ಸಮಾಜ ನನ್ನ ಪಾಲಿಗೆ. ವಿಜ್ಞಾನ ಮತ್ತು ಗಣಿತ, ಹಡಗಲಿಯಿಂದ ವರ್ಗವಾಗಿ ಬಂದ ಇನ್ನೊಬ್ಬ ಅಕ್ಕೋರ ಪಾಲಿಗೆ. ನಮ್ಮ ಕಡೆ ಪಾಠ ಹೇಳುವ ಹೆಂಗಸರೆಲ್ಲ ಅಕ್ಕೋರೇ. ನಾನು ನಾಲ್ಕು ವರ್ಷ ದೊಡ್ಡವಳಾದ್ದರಿಂದ ಮಕ್ಕಳ ಬಾಯಲ್ಲಿ ನಾನು ದೊಡ್ಡಕ್ಕೋರು, ಅವರು ಸಣ್ಣಕ್ಕೋರು. ನಮ್ಮಿಬ್ಬರ ಮೇಲೆ ಹೆಡ್‌ಮಾಸ್ತರು. ಯಾವ ತಕರಾರು ಒಯ್ದರೂ ‘ದೇವ್ರು ಮಾಡಿಸಿದಂಗ ಆಗ್ಲಿ ಬಿಡ್ರಿ’ ಎಂದು ಕಣ್ಣು ಮುಚ್ಚುವ ಸಾಧು ಮನುಷ್ಯ. ಅವರಷ್ಟು ನಿರ್ಲಿಪ್ತರನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ. ಹಾಗೆಂದು ಬಹಳ ದಿನ ನಂಬಿದ್ದೆ.

ಎರಡು ಜಿಪ್ಪು

ಮೊದಲು ಬಂದದ್ದು ಬಳ್ಳಾರಿಯ ಹತ್ತು ದಿನದ ವಿಜ್ಞಾನ ತರಬೇತಿ. ವಿಜ್ಞಾನ ನನ್ನ ವಿಷಯವಲ್ಲ, ಆದ್ದರಿಂದ ಸಣ್ಣಕ್ಕೋರು ಹೋದರು. ಅದರಲ್ಲಿ ನನಗೇನೂ ಬೇಸರವಿರಲಿಲ್ಲ. ಹತ್ತು ದಿನ ಅವರ ಕ್ಲಾಸನ್ನೂ ನಾನೇ ಸಂತೋಷದಿಂದ ನೋಡಿಕೊಂಡೆ.

ಹನ್ನೊಂದನೆಯ ದಿನ ಅವರು ಬಂದರು. ಹೆಗಲ ಮೇಲೆ ಒಂದು ಕಪ್ಪು ರೆಕ್ಸಿನ್ ಚೀಲ. ತರಬೇತಿಗೆ ಬಂದವರಿಗೆಲ್ಲ ಸರ್ಕಾರದಿಂದ ಕೊಟ್ಟದ್ದಂತೆ. ಎರಡು ಜಿಪ್ಪು, ಮೇಲೆ ಬಿಳಿ ಅಕ್ಷರದಲ್ಲಿ ‘ಶಿಕ್ಷಕರ ತರಬೇತಿ’ ಎಂದು ಅಚ್ಚು. ಅದನ್ನು ಸ್ಟಾಫ್ ರೂಮಿನ ಗೂಟಕ್ಕೆ, ಅಕ್ಷರ ಎದುರಿಗೆ ಕಾಣುವಂತೆ ತೂಗುಹಾಕಿದರು. ಪಕ್ಕದ ಗೂಟದಲ್ಲಿ ನನ್ನ ಬಟ್ಟೆ ಚೀಲ, ನಮ್ಮತ್ತೆಯವರ ಹಳೆಯ ಸೀರೆಯಲ್ಲಿ ಹೊಲಿದದ್ದು.

ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಅವರು ಕೊಟ್ಟೂರಿನಲ್ಲಿ ಬಟ್ಟೆ ಅಂಗಡಿ ಇಟ್ಟವರು, ಚೀಲದ ವಿಷಯ ಅವರಿಗೇನು ದೊಡ್ಡದು.

“ಸಂತಿಯಾಗ ಅಂಥವು ರಾಶಿ ಅದಾವು. ನಾಳೆ ತಂದು ಕೊಡ್ತೀನಿ ಬಿಡು” ಎಂದರು.

“ಸಂತೀದು ಬ್ಯಾಡ್ರಿ. ಸರ್ಕಾರದ್ದೇ ಬೇಕು” ಎಂದೆ.

“ಹಂಗಾದ್ರ ಸರ್ಕಾರಕ್ಕ ಹೇಳು” ಎಂದು ಊಟಕ್ಕೆ ಕುಳಿತರು.

ಸರ್ಕಾರಕ್ಕೆ ಹೇಳುವುದು ಹೇಗೆ? ದೇವರಿಗೆ ಹೇಳಿದೆ. ಚಿಕ್ಕಂದಿನಿಂದ ನನ್ನ ಪೂಜೆ ಒಂದು ದಿನ ತಪ್ಪಿದ್ದಿಲ್ಲ. ಮಾರನೆಯ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ‘ತಂದೆ, ಈ ಮತ್ಸರವನ್ನು ನನ್ನಿಂದ ತೆಗೆ’ ಎಂದು ಕಣ್ಣು ಮುಚ್ಚಿ ಕುಳಿತೆ. ಬಹಳ ಹೊತ್ತು ಏಕಾಗ್ರತೆಯಿಂದ ಕುಳಿತೆ. ಅಂಥ ಸ್ಪಷ್ಟವಾದ ದರ್ಶನ ನನಗೆ ಹಿಂದೆಂದೂ ಆಗಿರಲಿಲ್ಲ. ಎರಡು ಜಿಪ್ಪಿನಲ್ಲಿ ಒಂದು ಅರ್ಧ ತೆರೆದಿತ್ತು.

ರೇಡಿಯೋದ ಪೂಜೆ

ನನ್ನ ಮುಖ ನೋಡಿ ಹೆಡ್‌ಮಾಸ್ತರಿಗೆ ಕನಿಕರ ಬಂದಿರಬೇಕು. ಶಾಲೆಗಳಿಗೆಲ್ಲ ಸರ್ಕಾರ ರೇಡಿಯೋ ಕೊಡುತ್ತಿದ್ದ ಕಾಲ ಅದು. ಬಾನುಲಿ ಪಾಠ ಮಕ್ಕಳಿಗೆ ಕೇಳಿಸಬೇಕು, ಅದಕ್ಕೊಬ್ಬ ಶಿಕ್ಷಕರನ್ನು ನೇಮಿಸಬೇಕು ಎಂದು ಸುತ್ತೋಲೆ. ‘ಚೀಲ ಅವರಿಗಾತು, ರೇಡಿಯೋ ನಿಮಗಿರ್ಲಿ’ ಎಂದು ಅದನ್ನಿಟ್ಟ ಪೆಟ್ಟಿಗೆಯ ಕೀಲಿಕೈ ನನ್ನ ಕೈಗೆ ಕೊಟ್ಟರು. ಸಣ್ಣಕ್ಕೋರ ಮುಖ ಆಗ ಸ್ವಲ್ಪ ಸಣ್ಣದಾಯಿತು. ಒಮ್ಮೆ ತಮಗೂ ಗುಂಡಿ ತಿರುವಲು ಕೊಡಿ ಎಂದು ಕೇಳಿದರು. ನಾನು ಕೀಲಿಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡು, ಇದು ಬಹಳ ಸೂಕ್ಷ್ಮದ ವಸ್ತು ಎಂದೆ.

ಮೊದಲನೆಯ ಪಾಠ ಶುಕ್ರವಾರ ಮಧ್ಯಾಹ್ನ, ಇಪ್ಪತ್ತು ನಿಮಿಷ. ಐದು, ಆರು, ಏಳನೆಯ ತರಗತಿಯವರನ್ನೆಲ್ಲ ಸಾಲಾಗಿ ಕೂರಿಸಿದೆವು. ಹೊಸ ವಸ್ತು ಶಾಲೆಗೆ ಬಂದಿದೆ, ಅದರಲ್ಲೂ ಶುಕ್ರವಾರ. ಪೂಜೆ ಮಾಡದೆ ಕಿವಿ ತಿರುಪುವುದು ನನ್ನಿಂದ ಹೇಗಾದೀತು? ಮೇಜಿನ ಮೇಲೆ ಇಟ್ಟು, ವಿಭೂತಿ ಕುಂಕುಮ ಹಚ್ಚಿ, ಕಣಗಿಲೆ ಹೂವಿನ ಸರ ಹಾಕಿದೆ. ಊದಿನಕಡ್ಡಿ ಹಚ್ಚಿದೆ. ಮಕ್ಕಳು ಎರಡು ಹಾಡು ಹಾಡಿದರು. ಕಾಯಿ ಒಂದೇ ಏಟಿಗೆ ಒಡೆಯಲಿಲ್ಲ, ಊರ ಕಟ್ಟೆಗೆ ಹೋಗಿ ಒಡೆಸಿಕೊಂಡು ಬರಬೇಕಾಯಿತು. ಮಂಗಳಾರತಿ ಮುಗಿಸಿ, ಎಲ್ಲರೂ ಆರತಿ, ಕೊಬ್ಬರಿ ಸಕ್ಕರೆಯ ಪ್ರಸಾದ ತೆಗೆದುಕೊಂಡ ಮೇಲೆ, ಕೈಮುಗಿದು ಗುಂಡಿ ತಿರುಗಿಸಿದೆ.

ಒಳಗಿನಿಂದ ಒಬ್ಬ ಹೆಣ್ಣುಮಗಳು ಇಂಪಾದ ದನಿಯಲ್ಲಿ, “ಮಕ್ಕಳೇ, ಇಲ್ಲಿಗೆ ಇಂದಿನ ಪಾಠ ಮುಗಿಯಿತು” ಎಂದಳು.

ಕಷ್ಟ ಅಲ್ಲಿಗೇ ಮುಗಿಯಲಿಲ್ಲ. ಪಾಠವಾದ ಮೇಲೆ ಒಂದು ವರದಿ ತುಂಬಿ ಕೂಡ್ಲಿಗಿಯ ಕಚೇರಿಗೆ ಕಳಿಸಬೇಕಿತ್ತು. ಅದರಲ್ಲಿ ‘ಈ ಪಾಠದಿಂದ ಮಕ್ಕಳಿಗೆ ದೊರೆತದ್ದೇನು’ ಎಂಬ ಪ್ರಶ್ನೆ. ಪೆನ್ನು ಹಿಡಿದು ಯೋಚಿಸುತ್ತಾ ಕುಳಿತಿದ್ದೆ. ಹಿಂದಿನಿಂದ ಸಣ್ಣಕ್ಕೋರು ಬಗ್ಗಿ ನೋಡಿ, ಬಹಳ ಮೃದುವಾಗಿ ಹೇಳಿದರು:

“ಕೊಬ್ರಿ ಸಕ್ರಿ ಅಂತ ಬರೀರಿ ಅಕ್ಕೋರ. ಸುಳ್ಳು ಯಾಕ ಬರೀಬೇಕು.”

ದೀಪಸ್ತಂಭ

ಆಮೇಲೆ ಕೂಡ್ಲಿಗಿಯಲ್ಲಿ ತಾಲ್ಲೂಕಿನ ಶಾಲೆಗಳ ವಿಜ್ಞಾನ ವಸ್ತು ಪ್ರದರ್ಶನ. ಒಂದು ಶಾಲೆಯಿಂದ ಎರಡು ಮಾದರಿ ತರಬಹುದು ಎಂದಿತ್ತು. ಎರಡನೆಯದು ನನ್ನದೇ ಎಂದು ಹಠ ಹಿಡಿದೆ. ಕನ್ನಡದ ಟೀಚರು ವಿಜ್ಞಾನದ ಮಾದರಿ ಮಾಡಬಾರದೆಂದು ಯಾವ ಸುತ್ತೋಲೆಯಲ್ಲೂ ಇರಲಿಲ್ಲ.

‘ಮಳೆ ಹೇಗೆ ಬರುತ್ತದೆ’ ಎಂಬುದು ನನ್ನದು. ಪರಾತದಲ್ಲಿ ನೀರಿನ ಸಮುದ್ರ, ಹತ್ತಿಯ ಮೋಡ, ಮೇಲೆ ಸೂರ್ಯನಾಗಿ ನೂರು ಕ್ಯಾಂಡಲಿನ ಬಲ್ಬು. ಸಣ್ಣಕ್ಕೋರದು ಹಡಗುಗಳಿಗೆ ದಾರಿ ತೋರುವ ದೀಪಸ್ತಂಭ. ಸಮುದ್ರ ಹೇಗಿದೆ ಎಂದು ಅವರ ಮಕ್ಕಳೂ ನೋಡಿರಲಿಲ್ಲ, ಅವರೂ ನೋಡಿರಲಿಲ್ಲ. ಆದರೂ ರಟ್ಟಿನ ಗೋಪುರ ಎಷ್ಟು ಚೆಂದ ಮಾಡಿದ್ದರೆಂದರೆ, ನೋಡಿದಾಗಿನಿಂದ ನನಗೆ ಅಲ್ಲಿ ಕೊಟ್ಟ ಉಪ್ಪಿಟ್ಟು ಇಳಿಯಲಿಲ್ಲ. ಬೆಳಕಿನ ಮಾದರಿಗಳು ಎದ್ದು ಕಾಣಲೆಂದು ಪ್ರದರ್ಶನದ ಹಾಲಿನ ಕಿಟಕಿಗಳಿಗೆಲ್ಲ ಗೋಣಿ ತಟ್ಟು ಕಟ್ಟಿದ್ದರು. ಶಾಲಾ ಇನ್‌ಸ್ಪೆಕ್ಟರ್ ಸಾಹೇಬರು ಒಂದೊಂದೇ ಮೇಜು ನೋಡುತ್ತಾ ನಮ್ಮ ಸಾಲಿಗೆ ಬಂದರು.

ಆಗ ನನ್ನಿಂದ ಒಂದು ತಪ್ಪಾಯಿತು. ನನ್ನ ಮಕ್ಕಳಿಗೆ ಒಳ್ಳೆಯದಾಗಲಿ ಎಂದು ಕೈಮುಗಿದವಳು, ಬಾಯಿ ತಪ್ಪಿ ಇನ್ನೊಂದನ್ನೂ ಸೇರಿಸಿದೆ: ‘ತಂದೆ, ಇವತ್ತೊಂದು ದಿನ ಆ ದೀಪ ಹತ್ತದಿರಲಿ.’

ಬೇಡಿ ಕಣ್ಣು ತೆರೆಯುವಷ್ಟರಲ್ಲಿ ಕರೆಂಟು ಹೋಯಿತು. ಹಾಲಿನದಷ್ಟೇ ಅಲ್ಲ, ಇಡೀ ಕೂಡ್ಲಿಗಿಯದು. ಭಕ್ತರ ಮಾತು ಇಷ್ಟು ಬೇಗ ಮುಟ್ಟುತ್ತದೆಂದು ನನಗೇ ರೋಮಾಂಚನವಾಯಿತು. ಆದರೆ ನನ್ನ ಸೂರ್ಯನೂ ಆರಿಹೋಗಿದ್ದ. ಮೋಡ ಕಾಣಲಿಲ್ಲ, ಸಮುದ್ರ ಕಾಣಲಿಲ್ಲ, ವಿವರಣೆ ಕಂಠಪಾಠ ಮಾಡಿದ ಹುಡುಗಿ ಕತ್ತಲಲ್ಲಿ ಪರಾತದೊಳಗೆ ಕೈಯಿಟ್ಟು ಅಳತೊಡಗಿದಳು. ಅತ್ತ ದೀಪಸ್ತಂಭ ಮಾತ್ರ ಮಿನುಗುತ್ತಲೇ ಇತ್ತು. ಸಣ್ಣಕ್ಕೋರು ಅದಕ್ಕೆ ಬ್ಯಾಟರಿ ಸೆಲ್ಲು ಹಾಕಿದ್ದರು.

ಇನ್‌ಸ್ಪೆಕ್ಟರ್ ಸಾಹೇಬರು ಆ ಬೆಳಕು ಹಿಡಿದು ಅಲ್ಲಿಗೇ ಹೋದರು. ಮೊದಲ ಬಹುಮಾನವೂ ಅಲ್ಲಿಗೇ ಹೋಯಿತು. ಆ ಕತ್ತಲಿನ ಹಾಲಿನಲ್ಲಿ ಉರಿಯುತ್ತಿದ್ದುದು ಎರಡೇ: ಅವರ ದೀಪ, ನನ್ನ ಹೊಟ್ಟೆ.

ಒಂದು ಸೀಟು

ಇಷ್ಟೆಲ್ಲ ಆದ ಮೇಲೆ ಮೈಸೂರು ಬಂತು.

ಬೇಸಿಗೆ ರಜೆಯಲ್ಲಿ ಒಂದು ತಿಂಗಳ ತರಬೇತಿ. ಕನ್ನಡದವರು, ವಿಜ್ಞಾನದವರು, ಯಾರಾದರೂ ಆಗಬಹುದು, ಆದರೆ ಶಾಲೆಗೊಂದೇ ಸೀಟು. ಹೋಗಿ ಬಂದವರು ತಾಲ್ಲೂಕಿನ ಉಳಿದ ಶಿಕ್ಷಕರಿಗೆ ಪಾಠ ಹೇಳಬೇಕು. ಚೀಲವಂತೂ ಇದ್ದೇ ಇರುತ್ತದೆ. ಈ ಸಲ ಮೂರು ಜಿಪ್ಪಿನದಂತೆ ಎಂದು ಹಗರಿಬೊಮ್ಮನಹಳ್ಳಿಯ ಕಡೆಯವರು ಹೇಳಿದರು. ಹೆಸರು ಕಳಿಸುವ ಅಧಿಕಾರ ಹೆಡ್‌ಮಾಸ್ತರದು. ನಾನು ಹಿರಿತನ ಹೇಳಿದೆ, ಸಣ್ಣಕ್ಕೋರು ಬಹುಮಾನ ಹೇಳಿದರು. ಹೆಡ್‌ಮಾಸ್ತರು ಇಬ್ಬರ ಮಾತನ್ನೂ ಸಮಾಧಾನದಿಂದ ಕೇಳಿ, ‘ದೇವ್ರು ಮಾಡಿಸಿದಂಗ ಆಗ್ಲಿ ಬಿಡ್ರಿ’ ಎಂದು ಕಣ್ಣು ಮುಚ್ಚಿದರು.

ಆಮೇಲಿನ ಎರಡು ತಿಂಗಳು ನಮ್ಮಿಬ್ಬರಷ್ಟು ವಿನಯದಿಂದ ಯಾರೂ ನಡೆದುಕೊಂಡಿರಲಿಕ್ಕಿಲ್ಲ. ಸಣ್ಣಕ್ಕೋರು ಸೋಮವಾರಕ್ಕೊಮ್ಮೆ ತವರಿನಿಂದ ಹಡಗಲಿ ಮಲ್ಲಿಗೆ ತಂದು, ನಿಮ್ಮ ದೇವರಿಗೆ ಅಂತ ಒಂದು ಮೊಳ ಕೊಡುವರು. ನಾನು ಕೊಟ್ಟೂರಿನಿಂದ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಹೋಗಿ ಅವರಿಗೆ ಕೊಡುವೆ. ‘ನೀವ ಹೋಗ್ರಿ ಅಕ್ಕೋರ’ ಎಂದು ಅವರು, ‘ಛೇ, ನೀವ ಹೋಗಬೇಕ್ರಿ’ ಎಂದು ನಾನು. ಮನೆಯಲ್ಲಿ ಮಾತ್ರ ರೇಷ್ಮೆ ಸೀರೆ ತೆಗೆದು ಬಿಸಿಲಿಗೆ ಹಾಕಿದ್ದೆ.

ಕೊನೆಗೊಂದು ಸೋಮವಾರ ಆ ಮಲ್ಲಿಗೆಯನ್ನೇ ದೇವರಿಗೆ ಏರಿಸಿ, ಕೊಟ್ಟೂರಿಗೆ ಹತ್ತಿರದ ಉಜ್ಜಿನಿಯ ಕಡೆ ತಿರುಗಿ ಹರಕೆ ಹೊತ್ತೆ. ಅಲ್ಲಿಯ ಸ್ವಾಮಿಗೆ ಎಣ್ಣೆಯ ಹರಕೆ ನಮ್ಮ ಮನೆತನದಲ್ಲಿ ಮೊದಲಿನಿಂದ ಬಂದದ್ದು. ನಾನು ದುರಾಸೆಯವಳಲ್ಲ. ‘ನನಗೆ ಹೆಚ್ಚೇನೂ ಬೇಡ ತಂದೆ. ಅವರಿಗೆ ಇನ್ನೊಂದು ಚೀಲ ಬೇಡ. ಅಷ್ಟು ಮಾಡು, ಒಂದು ಡಬ್ಬಿ ಎಣ್ಣೆ ತಂದೊಪ್ಪಿಸುತ್ತೇನೆ’ ಎಂದೆ.

ಆದೇಶ ಬಂತು. ಸಣ್ಣಕ್ಕೋರ ಹೆಸರು ಇರಲಿಲ್ಲ, ನನ್ನ ಹೆಸರೂ ಇರಲಿಲ್ಲ. ಮುಂದಿನ ವರ್ಷ ನಿವೃತ್ತರಾಗಲಿದ್ದ ನಮ್ಮ ಹೆಡ್‌ಮಾಸ್ತರರ ಹೆಸರಿತ್ತು.

ಅವರು ಹೋಗಿ, ಅರಮನೆ, ಬೆಟ್ಟ ಎಲ್ಲ ನೋಡಿಕೊಂಡು, ಮೂರು ಜಿಪ್ಪಿನ ಚೀಲ ಹಾಕಿಕೊಂಡು ಬಂದರು. ಗೂಟಕ್ಕೆ ಹಾಕುತ್ತಾ, ‘ನಾ ಏನ್ ಬೇಡಿದ್ನಾ? ದೇವ್ರು ಮಾಡಿಸಿದ’ ಎಂದರು.

ಏನೇ ಆಗಲಿ, ನಾನು ಬೇಡಿದ್ದನ್ನು ದೇವರು ಅಕ್ಷರಶಃ ನಡೆಸಿಕೊಟ್ಟಿದ್ದ. ಹರಕೆ ಬಾಕಿ ಉಳಿಸಿಕೊಳ್ಳುವ ಜಾತಿ ನಮ್ಮದಲ್ಲ. ಒಂದು ಭಾನುವಾರ ಎಣ್ಣೆ ಡಬ್ಬಿ ಹಿಡಿದು ಕೊಟ್ಟೂರಿನ ಬಸ್ ನಿಲ್ದಾಣಕ್ಕೆ ಬಂದರೆ, ಉಜ್ಜಿನಿ ಬಸ್ಸಿನ ಮುಂದೆ ಸಣ್ಣಕ್ಕೋರು. ಹೆಗಲಲ್ಲಿ ಅದೇ ಕಪ್ಪು ಚೀಲ. ಚೀಲದ ತಳದಿಂದ ತೊಟ್ಟು ತೊಟ್ಟಾಗಿ ಎಣ್ಣೆ ಸೋರುತ್ತಿತ್ತು.

“ಮನೀ ಹರಕಿ ಇತ್ರಿ” ಎಂದರು, ನಾನು ಕೇಳುವ ಮೊದಲೇ.

“ನಮ್ದೂ ಮನೀದ ಐತ್ರಿ” ಎಂದೆ.

ದಾರಿಯುದ್ದಕ್ಕೂ ನಾನು ಡಬ್ಬಿಯನ್ನೂ ಅವರು ಚೀಲವನ್ನೂ ತೊಡೆಯ ಮೇಲಿಟ್ಟುಕೊಂಡು, ಕಿಟಕಿಯ ಹೊರಗಿನ ಜೋಳದ ಹೊಲಗಳನ್ನು ಬಹಳ ಆಸಕ್ತಿಯಿಂದ ನೋಡಿದೆವು.

ಗುಡಿಯಲ್ಲಿ ಎಣ್ಣೆ ತೆಗೆದುಕೊಳ್ಳುತ್ತಿದ್ದವರು ಒಬ್ಬ ಮುದುಕ ಅಯ್ಯನವರು. ಯಾವ ಊರು, ಯಾವ ಶಾಲೆ ಎಂದೆಲ್ಲ ವಿಚಾರಿಸಿದರು. ಆಮೇಲೆ ಹರಕೆ ಯಾವುದಕ್ಕೆಂದು ಕೇಳಿದರು. ಹೊತ್ತವರು ದೇವರೆದುರು ಬಾಯಿ ಬಿಟ್ಟು ಹೇಳಿದ ಹೊರತು ಅವರು ಎಣ್ಣೆ ಮುಟ್ಟುತ್ತಿರಲಿಲ್ಲ. ಅದು ಅವರ ಪದ್ಧತಿ. ಪಕ್ಕದಲ್ಲಿ ಸಣ್ಣಕ್ಕೋರು ನಿಂತಿದ್ದರು, ಎದುರಿಗೆ ಸ್ವಾಮಿ. ಆ ಜಾಗದಲ್ಲಿ ನಿಂತು ನಾನು ಜೀವಮಾನದಲ್ಲಿ ಸುಳ್ಳು ಹೇಳಿದವಳಲ್ಲ. ನೆಲ ನೋಡುತ್ತಾ ಹೇಳಿದೆ:

“ಈ ಅಕ್ಕೋರು ಮೈಸೂರಿಗೆ ಹೋಗಬಾರ್ದು ಅಂತ ಬೇಡ್ಕಂಡಿದ್ದೆ ಅಯ್ಯಾರ. ಹೋಗ್ಲಿಲ್ಲ.”

ಅಯ್ಯನವರು ಸಣ್ಣಕ್ಕೋರ ಕಡೆ ತಿರುಗಿದರು. ಅವರು ಚೀಲದಿಂದ ಡಬ್ಬಿ ತೆಗೆದು ನನ್ನ ಡಬ್ಬಿಯ ಪಕ್ಕ ಇಟ್ಟರು.

“ನಂದೂ ಅದ ಐತ್ರಿ. ಇವರು ಹೋಗಬಾರ್ದು ಅಂತ.”

ಅಯ್ಯನವರು ಎರಡು ಡಬ್ಬಿಯನ್ನೂ ಒಂದೇ ಕೊಪ್ಪರಿಗೆಗೆ ಸುರಿದರು. ಕೊನೆಯ ಹನಿ ಬೀಳುವವರೆಗೂ ಅಲ್ಲಾಡಿಸಿ, ನಿಧಾನವಾಗಿ ಕೇಳಿದರು:

“ಅಲ್ರವ್ವಾ, ಇಬ್ಬರಾಗ ಒಬ್ಬರಾದ್ರೂ ನಾ ಹೋಗಬೇಕು ಅಂತ ಬೇಡ್ಕಳ್ಳಿಲ್ಲೇನು?”

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅದು ಇಬ್ಬರಿಗೂ ಹೊಳೆದಿರಲಿಲ್ಲ.

“ನಿಮ್ಮ ಹೆಡ್‌ಮಾಸ್ತರು ಬ್ಯಾಸಿಗಿ ಮುಂಚೆ ಬಂದಿದ್ರು” ಎಂದರು ಅಯ್ಯನವರು, ಖಾಲಿ ಡಬ್ಬಿ ನಮ್ಮ ಕೈಗೆ ಕೊಡುತ್ತಾ. “ಸ್ವಾಮಿ, ಮೈಸೂರಿಗೆ ಕಳಸಪ್ಪಾ ಅಂತ ಒಂದು ಕಾಯಿ ಒಡಿಸಿದ್ರು. ಅಷ್ಟ. ಅದರಾಗೂ ಒಂದು ಹೋಳು ವಾಪಸ್ ಮನಿಗೆ ಒಯ್ದ್ರು.”